ಕಾರು ಅಪಘಾತದಲ್ಲಿ ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾದರೆ ಪರಿಹಾರ ಪಡೆಯುವ ಬಗೆ

ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ಗುದ್ದಿದಾಗ, ಸೀಟಿಗೆ ಒರಗಿದ ಮೈ ಮುಂದಕ್ಕೆ ನೂಕಿದಂತಾಗಿ ತಲೆ ಒಂದು ಕ್ಷಣ ಹಿಂದೆಯೇ ಉಳಿಯುತ್ತದೆ, ಮರುಕ್ಷಣ ಮುಂದಕ್ಕೆ ವಾಲುತ್ತದೆ. ಈ ಎಳೆತದಲ್ಲಿ ಕುತ್ತಿಗೆಯ ಸ್ನಾಯು, ಅಸ್ಥಿರಜ್ಜು ಮತ್ತು ಡಿಸ್ಕುಗಳಿಗೆ ಆಗುವ ಪೆಟ್ಟನ್ನು ವೈದ್ಯರು ವಿಪ್‌ಲ್ಯಾಶ್ ಎನ್ನುತ್ತಾರೆ. ನೋವು ಆ ಕೂಡಲೇ ಕಾಣಿಸದೆ ಒಂದೆರಡು ದಿನಗಳ ಮೇಲೆ ಶುರುವಾಗುವುದುಂಟು. ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೂ ಉಂಟು. ಮುರಿದ ಕಾಲಿಗೆ ಸಾಕ್ಷಿ ಹುಡುಕಬೇಕಾಗಿಲ್ಲ, ಆದರೆ ಕುತ್ತಿಗೆಯ ನೋವಿಗೆ ಮೊದಲ ಕೆಲವು ದಿನಗಳ ಕಾಗದಪತ್ರಗಳೇ ಸಾಕ್ಷಿ. ಎಂ.ವಿ.ಸಿ. ಕೇಸು, ಅಂದರೆ ವಾಹನ ಅಪಘಾತದ ಪರಿಹಾರ ಕೋರಿ ಹಾಕುವ ಪ್ರಕರಣ, ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಅವುಗಳ ಮೇಲೆಯೇ.

ಆದ್ದರಿಂದ ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ, ಇದು ರಸ್ತೆ ಅಪಘಾತವೆಂದು ತಿಳಿಸಿ, ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸುವಂತೆ ಕೇಳಬೇಕು. ತಲೆಯ ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿ ಕುತ್ತಿಗೆ ನೋವನ್ನು ಹೇಳದೆ ಬಿಟ್ಟರೆ ಗಾಯದ ಪ್ರಮಾಣಪತ್ರದಲ್ಲಿ ಅದು ಬರುವುದಿಲ್ಲ, ಮುಂದೆ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಎತ್ತುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ನೋವು ಮರುದಿನ ಶುರುವಾದರೆ ಮರುದಿನವೇ ಅದೇ ಆಸ್ಪತ್ರೆಗೆ ಮರಳಿ, ಅಪಘಾತದ ನಂತರ ಬಂದ ನೋವೆಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಕೈಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು ಬೆನ್ನುಹುರಿಗೆ ಪೆಟ್ಟಾಗಿರುವ ಸೂಚನೆಗಳಾದ್ದರಿಂದ, ಅಂಥವರನ್ನು ಎತ್ತಿ ಕೂರಿಸದೆ ಕುತ್ತಿಗೆ ಅಲುಗದಂತೆ ಆಂಬುಲೆನ್ಸಿನಲ್ಲಿಯೇ ಸಾಗಿಸಬೇಕು. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ದೊರೆಯುತ್ತದೆ.

ಪೊಲೀಸ್ ದೂರನ್ನು ‘ಮೊದಲು ವಾಸಿಯಾಗಲಿ’ ಎಂದು ಮುಂದೂಡಬಾರದು. ದೂರು ತಡವಾದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ 2011ರಲ್ಲಿಯೇ ಹೇಳಿದೆಯಾದರೂ, ನಕಲಿ ಕ್ಲೇಮುಗಳ ಕಾಟ ಅನುಭವಿಸಿರುವ ವಿಮಾ ಕಂಪನಿಗಳು ತಡವನ್ನು ಸಂಶಯದಿಂದಲೇ ನೋಡುತ್ತವೆ. ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ ಮತ್ತು ದೋಷಾರೋಪಣ ಪಟ್ಟಿಯ ಪ್ರತಿಗಳನ್ನು ಸಂಗ್ರಹಿಸಿಟ್ಟುಕೊಳ್ಳಬೇಕು. ಬಂಪರು ಬರೀ ತಗ್ಗಿದೆ, ಇಷ್ಟಕ್ಕೆ ಕುತ್ತಿಗೆಗೆ ಏನಾಗುತ್ತದೆ ಎಂಬ ವಾದ ಬರುವುದು ಖಂಡಿತವಾದ್ದರಿಂದ, ಗ್ಯಾರೇಜಿಗೆ ಕಳಿಸುವ ಮೊದಲೇ ಎರಡೂ ವಾಹನಗಳ ಮತ್ತು ಸೀಟಿನ ಫೋಟೊ ತೆಗೆದಿರಿಸುವುದು ಜಾಣತನ.

ತಪ್ಪು ಯಾರದು ಎಂಬುದನ್ನು ಅವಲಂಬಿಸಿ ದಾರಿ ಬೇರೆಯಾಗುತ್ತದೆ. ಇನ್ನೊಂದು ವಾಹನದ ಚಾಲಕನ ನಿರ್ಲಕ್ಷ್ಯವಿದ್ದರೆ 1988ರ ಮೋಟಾರು ವಾಹನಗಳ ಕಾಯ್ದೆಯ 166ನೆಯ ಕಲಮಿನಡಿ ಆ ವಾಹನದ ಮಾಲೀಕರನ್ನೂ ವಿಮಾ ಕಂಪನಿಯನ್ನೂ ಪ್ರತಿವಾದಿಗಳನ್ನಾಗಿ ಮಾಡಬಹುದು. ತಾನೇ ತಪ್ಪು ಮಾಡಿ ಗಾಯಗೊಂಡ ಮಾಲೀಕ-ಚಾಲಕನಿಗೆ ಈ ದಾರಿಯಿಲ್ಲ. ಪಾಲಿಸಿಯಲ್ಲಿರುವ ವೈಯಕ್ತಿಕ ಅಪಘಾತ ವಿಮೆಯೊಂದೇ ಆಸರೆ, ಅದೂ ಕುತ್ತಿಗೆಯ ಸಾಮಾನ್ಯ ನೋವಿಗೆ ಒದಗುವುದಿಲ್ಲ. ನಿರ್ಲಕ್ಷ್ಯವನ್ನು ರುಜುವಾತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡುವ 164ನೆಯ ಕಲಮೂ ಇದೆ. ಆದರೆ ವಿಮಾ ಕಂಪನಿಯೊಂದಿಗೆ ಇತ್ಯರ್ಥ ಮಾಡಿಕೊಂಡು ಆ ಮೊತ್ತವನ್ನು ಒಪ್ಪಿದರೆ 166ರ ಅರ್ಜಿ ರದ್ದಾಗುತ್ತದೆ. ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾದವರು ಈ ಮೊತ್ತಕ್ಕೆ ಆತುರದಿಂದ ರುಜು ಹಾಕಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಬೆನ್ನುಮೂಳೆಯ ಗಾಯ ಒಂದು ಸ್ಥಿತಿಗೆ ಬಂದು ನಿಲ್ಲಲು ಇದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು. ಅರ್ಜಿ ಹಾಕುವುದೇ ಬೇರೆ, ಪ್ರಕರಣ ಮುಗಿಸುವುದೇ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು: ಅವಧಿಯೊಳಗೆ ಅರ್ಜಿ ಹಾಕಿ, ವೈದ್ಯರ ಸಾಕ್ಷ್ಯವನ್ನು ಚಿಕಿತ್ಸೆ ಮುಗಿದ ಮೇಲೆ ಒದಗಿಸಬಹುದು. ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸ ಅಥವಾ ವ್ಯವಹಾರದ ಸ್ಥಳ, ಪ್ರತಿವಾದಿಯ ವಾಸಸ್ಥಳ, ಇವುಗಳಲ್ಲಿ ಯಾವುದಾದರೂ ಒಂದು ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯನ್ನು ಆರಿಸಿಕೊಳ್ಳಬಹುದಾಗಿದ್ದು, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ. ಪೊಲೀಸರು ನ್ಯಾಯಮಂಡಳಿಗೆ ಕಳಿಸುವ ಅಪಘಾತ ವರದಿಯನ್ನೂ ಅರ್ಜಿಯೆಂದು ಪರಿಗಣಿಸಬೇಕೆಂದು ಕಾಯ್ದೆ ಹೇಳುತ್ತದೆಯಾದರೂ, ಅದನ್ನೇ ನಂಬಿ ಕೂರದೆ ಸ್ವಂತ ಅರ್ಜಿ ಸಲ್ಲಿಸುವುದು ಕ್ಷೇಮ.

ಇನ್ನು ಇಡೀ ಪ್ರಕರಣದ ತಿರುಳಾದ ಅಂಗವೈಕಲ್ಯದ ವಿಷಯ. ವೈದ್ಯರು ಬರೆದುಕೊಡುವ ಶೇಕಡಾವಾರು ಮತ್ತು ದುಡಿಮೆಯಲ್ಲಾದ ನಷ್ಟ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಕುತ್ತಿಗೆ ಹೊರಳಿಸಲಾಗದ ಲಾರಿ ಚಾಲಕನಿಗೂ, ಮೇಜಿನ ಮುಂದೆ ಕೂತು ಕೆಲಸ ಮಾಡುವ ಗುಮಾಸ್ತನಿಗೂ ವೈದ್ಯಕೀಯ ಶೇಕಡಾವಾರು ಒಂದೇ ಇದ್ದರೂ ಕಳೆದುಕೊಂಡ ಸಂಪಾದನೆ ಒಂದೇ ಆಗುವುದಿಲ್ಲ. ಹೀಗಾಗಿ ಪ್ರಮಾಣಪತ್ರವನ್ನು ಬರೀ ಹಾಜರುಪಡಿಸಿದರೆ ಸಾಲದು. ಸಾಧ್ಯವಾದರೆ ಚಿಕಿತ್ಸೆ ನೀಡಿದ ವೈದ್ಯರೇ ಸಾಕ್ಷಿ ನುಡಿದು, ಶೇಕಡಾವಾರು ಇಡೀ ದೇಹಕ್ಕೆ ಸಂಬಂಧಿಸಿದ್ದೇ ಎಂಬುದನ್ನೂ, ಭಾರ ಎತ್ತುವುದು, ಬಗ್ಗುವುದು, ಬಹಳ ಹೊತ್ತು ಕೂರುವುದು ಇವುಗಳಲ್ಲಿ ಯಾವುದು ಸಾಧ್ಯವಿಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕು. ಎಂ.ಆರ್.ಐ. ವರದಿಯಲ್ಲಿ ವಯಸ್ಸಿನಿಂದಾದ ಸವೆತ ಕಂಡರೆ ನೋವೆಲ್ಲ ಹಳೆಯದೆಂಬ ವಾದ ಬಂದೇ ಬರುತ್ತದೆ. ಅಪಘಾತಕ್ಕೆ ಮುನ್ನ ರಜೆಯಿಲ್ಲದೆ ದುಡಿದ ಹಾಜರಿ ಪುಸ್ತಕ ಅದಕ್ಕೆ ಒಳ್ಳೆಯ ಉತ್ತರ.

ಲೆಕ್ಕ ಹೀಗೆ ನಡೆಯುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ 38 ವರ್ಷದ ಸ್ವಂತ ಉದ್ಯೋಗಿಯ ದುಡಿಮೆ ಸಾಮರ್ಥ್ಯ ಶೇ. 20ರಷ್ಟು ಕುಂದಿದೆ ಎನ್ನೋಣ. ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಂತೆ ಭವಿಷ್ಯದ ಹೆಚ್ಚಳವೆಂದು ಶೇ. 40 ಸೇರಿಸಿದರೆ 21,000 ಆಗುತ್ತದೆ. ಗಾಯಾಳುಗಳಿಗೂ ಇದು ಸಲ್ಲುತ್ತದೆಂದು 2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ 21,000 ರೂಪಾಯಿಯನ್ನು ಹನ್ನೆರಡು ತಿಂಗಳಿಂದಲೂ, ಅದೇ ಕೋರ್ಟಿನ ಸರಳಾ ವರ್ಮಾ ತೀರ್ಪು 36ರಿಂದ 40ರ ವಯೋಮಾನಕ್ಕೆ ಗೊತ್ತುಪಡಿಸಿದ 15ರ ಗುಣಕದಿಂದಲೂ ಗುಣಿಸಿ, ಬಂದ ಮೊತ್ತದ ಶೇ. 20 ಎಷ್ಟೆಂದು ಲೆಕ್ಕ ಹಾಕಿದರೆ 7,56,000 ರೂಪಾಯಿ ಬರುತ್ತದೆ. ಚಿಕಿತ್ಸಾ ವೆಚ್ಚ, ಮಲಗಿದ ತಿಂಗಳುಗಳ ಸಂಬಳ, ನೋವು ಮತ್ತು ಯಾತನೆ, ಬದುಕಿನ ಸುಖಸೌಕರ್ಯಗಳ ನಷ್ಟ, ಮುಂದಿನ ಚಿಕಿತ್ಸೆ ಇವು ಬೇರೆ. ಬೆನ್ನುಹುರಿ ಕೆಟ್ಟು ಹಾಸಿಗೆ ಹಿಡಿದವರಿಗೆ ಆರೈಕೆ ಮಾಡುವವರ ಸಂಬಳವನ್ನೂ ಇದೇ ಗುಣಕದ ರೀತಿಯಲ್ಲಿ ಕೇಳಬಹುದು. ಮನೆಯವರೇ ನೋಡಿಕೊಳ್ಳುತ್ತಾರೆಂದು ಈ ಬಾಬ್ತನ್ನು ಬಿಡಬಾರದು.

ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ವಕೀಲರು ಶುಲ್ಕ ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ, ಹಾಗಾಗಿ ಶುಲ್ಕವನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು. ತೀರ್ಪಿನ ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು, ಆದರೆ ವಿವಾದದ ಮೊತ್ತ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಅವಕಾಶವಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಕೈಗೆ ಬರಬಹುದಾದರೂ ಆ ಆದೇಶದ ಮೇಲೆ ಮೇಲ್ಮನವಿಯಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದೀತೆಂದು ವೈದ್ಯರು ಹೇಳಿದ್ದರೆ, ಅದರ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆದು ರಾಜಿಯ ಮೊತ್ತಕ್ಕೆ ಸೇರಿಸಿದ ಮೇಲಷ್ಟೇ ಸಹಿ ಹಾಕಬೇಕು.