ಹಂಗೇರಿಯ ಹಳೇ ಸ್ಟ್ಯಾಂಪು: ಶಾಯಿ ನೋಡಿ, ಠಸ್ಸೆ ಓದಿ

ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ 22 ವರ್ಷ ಮದುವೆ ಕಾರ್ಡು ಅಚ್ಚು ಹಾಕಿದವನು ನಾನು. ಹಂಗೇರಿ ಎಲ್ಲಿದೆ ಅಂತ ಕೇಳಿದ್ದರೆ ಆಗ ತಡವರಿಸುತ್ತಿದ್ದೆ. ಅಲ್ಲಿನ ಸ್ಟ್ಯಾಂಪಿನ ಹುಚ್ಚು ಹತ್ತಿದ್ದು ಅಚ್ಚಿನ ಕಾರಣಕ್ಕೇ.

1871ರಲ್ಲಿ ಬಂದ ಮೊದಲ ಸ್ವಂತ ಸ್ಟ್ಯಾಂಪುಗಳ ಮೇಲೆ ದೇಶದ ಹೆಸರಿಲ್ಲ. ಫ್ರಾಂಜ್ ಜೋಸೆಫ್ ದೊರೆಯ ಮುಖ, ಕ್ರೈತ್ಸಾರ್ (ಅಲ್ಲಿನ ಆಗಿನ ನಾಣ್ಯ) ಲೆಕ್ಕದಲ್ಲಿ ಬೆಲೆ ಇದೆ. ಅದೇ ವರ್ಷ ಒಂದೇ ಚಿತ್ರವನ್ನು ಎರಡು ಬಗೆಯಲ್ಲಿ ಅಚ್ಚು ಹಾಕಿದರು. ಮೊದಲು ಲಿಥೋ, ಅಂದರೆ ಚಪ್ಪಟೆ ಕಲ್ಲಿನಿಂದ ತೆಗೆಯೋ ಅಚ್ಚು, ಆಮೇಲೆ ಕೆತ್ತಿದ ತಗಡಿನಿಂದ. ಲಿಥೋ ಅಪರೂಪ, ಅದರಲ್ಲೂ 3 ಕ್ರೈತ್ಸಾರಿನ ಹಸಿರು ಬಲು ದುಬಾರಿ.

ಎರಡನ್ನೂ ಬೇರೆ ಮಾಡೋದು ಹೇಗೆ? ಜೇಬಿನಿಂದ 500ರ ಹೊಸ ನೋಟು ತೆಗೆದು ಗಾಂಧಿ ಚಿತ್ರದ ಮೇಲೆ ಬೆರಳಾಡಿಸಿ. ತರಿ ತರಿ ಅಲ್ವಾ? ಕೆತ್ತಿದ ಗೆರೆಯೊಳಗಿನ ಶಾಯಿಯನ್ನು ಕಾಗದ ಎಳೆದುಕೊಂಡಾಗ ಹಾಗೆ ಉಬ್ಬಿ ನಿಲ್ಲುತ್ತದೆ. ಸ್ಟ್ಯಾಂಪನ್ನು ಮಾತ್ರ ಬೆರಳಲ್ಲಿ ಮುಟ್ಟಬೇಡಿ. ಚಿಮಟದಲ್ಲಿ ಹಿಡಿದು ಟೇಬಲ್ ಲ್ಯಾಂಪಿಗೆ ಓರೆ ಮಾಡಿ, ಭೂತಗನ್ನಡಿಯಲ್ಲಿ ನೋಡಿ. ಕೆತ್ತನೆಯದಾದರೆ ದೊರೆಯ ಕೂದಲಿನ ಗೆರೆಗಳು ಒಂದೊಂದೂ ಎದ್ದು ಕಾಣುತ್ತವೆ. ಲಿಥೋದಲ್ಲಿ ಶಾಯಿ ಚಪ್ಪಟೆ, ಗೆರೆ ಮಂಕು. ಇಷ್ಟು ಗೊತ್ತಿದ್ದೂ ಒಬ್ಬ ವ್ಯಾಪಾರಿಯ ಹತ್ತಿರ ಮಬ್ಬು ಬೆಳಕಲ್ಲಿ ಕೆತ್ತನೆಯದನ್ನೇ ಲಿಥೋ ಬೆಲೆಗೆ ಕೊಂಡು ಬಂದೆ! ಮನೆಯವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

1874ರಿಂದ ಗುರುತು ಹಿಡಿಯೋದು ಸುಲಭ. ಲಕೋಟೆಯ ಚಿತ್ರ, ಅದರ ಮೇಲೆ ಕಿರೀಟ, 'ಮಗ್ಯಾರ್' ಅನ್ನೋ ಹೆಸರೂ ಇದೆ. ಬೆಲೆಯ ಅಂಕಿ ಕಪ್ಪಾಗಿದ್ದರೆ 1888 ಅಥವಾ ಆಮೇಲಿನದು. ಅಂಕಿಗೂ ಬಣ್ಣವಿದ್ದರೆ ಸ್ಟ್ಯಾಂಪನ್ನು ಕಪ್ಪು ತಟ್ಟೆಯಲ್ಲಿ ಬೋರಲು ಹಾಕಿ, ಎರಡು ಹನಿ ಲೈಟರ್ ಪೆಟ್ರೋಲ್ ಬಿಡಿ. ಕಿಟಕಿ ತೆಗೆದಿರಲಿ, ದೇವರ ದೀಪ ದೂರವಿರಲಿ. ಅಂಡಾಕಾರದೊಳಗೆ ಕೆ, ಆರ್ ಅಕ್ಷರದ ನೀರಚ್ಚು (ಕಾಗದದೊಳಗಿನ ವಾಟರ್‌ಮಾರ್ಕ್) ಕಂಡರೆ ಅದು 1881 ಅಥವಾ ಆಮೇಲಿನದು.

ನನಗೆ ಜಾಸ್ತಿ ಖುಷಿ ಕೊಡೋದು ಠಸ್ಸೆ, ಅಂದರೆ ಅಂಚೆಯವರು ಸ್ಟ್ಯಾಂಪಿನ ಮೇಲೆ ಒತ್ತೋ ಊರ ಹೆಸರಿನ ಮುದ್ರೆ. ಬುಡಾ, ಓಬುಡಾ, ಪೆಸ್ಟ್ ಸೇರಿ ಬುಡಾಪೆಸ್ಟ್ ಆದದ್ದು 1873ರಲ್ಲಿ. ಅದಕ್ಕೇ 1871ರ ಸ್ಟ್ಯಾಂಪಿನ ಮೇಲೆ ಬರೀ 'ಪೆಸ್ಟ್' ಅಂತಿದ್ದರೆ ಅರ್ಧ ಅಳಿಸಿದೆ ಅಂದುಕೊಳ್ಳಬೇಡಿ. 'ಪೊಜೋನಿ' ಅಂತಿದ್ದರೆ ಅದು ಈಗಿನ ಬ್ರಾಟಿಸ್ಲಾವಾ. ನಮ್ಮ ಬೆಂಗಳೂರಿನ ದಂಡು (ಕಂಟೋನ್ಮೆಂಟ್), ಪೇಟೆಗಳ ಹಳೇ ಠಸ್ಸೆ ಹುಡುಕೋರಿಗೆ ಈ ರುಚಿ ಗೊತ್ತು.

ಅವೆನ್ಯೂ ರಸ್ತೆಯ ಹಳೇ ಕಾಗದದ ಕಟ್ಟಿನಲ್ಲಿ ಇಂಥ ಸ್ಟ್ಯಾಂಪು ಅಂಟಿರುವ ಲಕೋಟೆ ಸಿಕ್ಕರೆ ಸ್ಟ್ಯಾಂಪು ಬಿಡಿಸೋಕೆ ಸುಮ್ನೆ ನೀರಿಗೆ ಹಾಕಬೇಡಿ. ಠಸ್ಸೆಯ ಇನ್ನರ್ಧ ಲಕೋಟೆಯ ಮೇಲೇ ಇರುತ್ತದೆ.