ಎರಡು ಸುಗ್ಗಿ ತಡೆದ ಕ್ವಿಕ್ ಹಿಚ್: ನನ್ನ ಅನುಭವ

"ಗಟ್ಟಿ ಪಿನ್ ಹೊಡದಿದ್ದ ಬಕೆಟ್ ಬಿಟ್ಟು ಕೊಕ್ಕಿಗೆ ಸಿಗಸ್ತೀರಲ್ರೀ, ಒಂದಿನಾ ಕಳಚಿ ಬೀಳತೈತಿ ನೋಡ್ರಿ." ಹಾವೇರಿಯ ನನ್ನ ಗ್ಯಾರೇಜಿಗೆ ಬಂದವರು ಎಲ್ಲರೂ ಹೇಳಿದ ಮಾತು ಇದು. ಟ್ರ್ಯಾಕ್ಟರ್ ಲೋಡರಿಗೆ ನಾನೇ ಕಟ್ಟಿದ ಕ್ವಿಕ್ ಹಿಚ್, ಅಂದರೆ ಬಕೆಟ್ಟನ್ನು ಬೇಗ ಬಿಚ್ಚಿ ಬೇಗ ಹಾಕಲು ಲೋಡರಿನ ತೋಳಿಗೂ ಬಕೆಟ್ಟಿಗೂ ನಡುವೆ ಕೂರುವ ಫ್ರೇಮು, ಈಗ ಎರಡು ಸುಗ್ಗಿ ದಾಟಿದೆ. ತಿಪ್ಪೆ ಗೊಬ್ಬರ ತುಂಬಿದೆ, ಒಡ್ಡು ಹಾಕಿದೆ, ಹತ್ತಿ ಕಟಗಿ ಎತ್ತಿದೆ. ಪಿನ್ ಒಂದು ಕೂದಲೆಳೆಯಷ್ಟೂ ಬಾಗಿಲ್ಲ.

ಆದರೆ ಅಲ್ಲಿಗೆ ಬರೋಕೆ ಮೂರು ಸಲ ಸೋತೆ. ಸುಮಾರು 22 ಸಾವಿರ ಹೋಯಿತು, ನನ್ನ ಕೂಲಿ ಬಿಟ್ಟು.

ಮೊದಲ ಸಲ ಮೇಲೆ ಎರಡು ಕೊಕ್ಕೆ, ಕೆಳಗೆ 20 ಎಂಎಂ ಸಾದಾ ಕಬ್ಬಿಣದ ಎರಡು ಪಿನ್. ಮೊದಲ ದಿನ ತಿಪ್ಪೆ ಕೆಲಸ, ಏನೂ ಆಗಲಿಲ್ಲ. ಎರಡನೇ ದಿನ ಎರಿ ಹೊಲದಲ್ಲಿ ಬಕೆಟ್ಟಿನ ತುಟಿ ನೆಲಕ್ಕೆ ಒತ್ತಿ, ಹಿಂದಕ್ಕೆ ಎಳೆಯುತ್ತಾ ಸಮ ಮಾಡುತ್ತಿದ್ದೆ. ಸಂಜೆ ಬಕೆಟ್ ಬಿಚ್ಚೋಣ ಅಂದರೆ ಪಿನ್ ಬರಲೇ ಇಲ್ಲ. ಎರಡೂ ಬಾಳೆಕಾಯಿ ತರ ಬಾಗಿದ್ದವು. ಗ್ಯಾಸ್ ಕಟರ್ ಹಚ್ಚಿ ಕೊಯ್ಯಬೇಕಾಯಿತು.

ಎರಡನೇ ಸಲ 25 ಎಂಎಂ ಇಎನ್8 (ಸಾದಾ ಕಬ್ಬಿಣಕ್ಕಿಂತ ಗಟ್ಟಿಯಾದ ಉಕ್ಕು) ತಂದೆ. ಪಿನ್ ನೆಟ್ಟಗೆ ನಿಂತಿತು, ಪಿನ್ ಹಿಡಿದಿದ್ದ 8 ಎಂಎಂ ಕಿವಿ ಪ್ಲೇಟು ಬೆಸುಗೆ ಸಮೇತ ಕಿತ್ತು ಬಂತು. ತೂತು ಮೊಟ್ಟೆ ಆಕಾರ ಆಗಿತ್ತು. ಮೂರನೇ ಸಲ ಪಿನ್ನಿಗೆ ಬೆಂಕಿ ಕೊಟ್ಟು ಎಣ್ಣೆಯಲ್ಲಿ ಅದ್ದಿ ಹದ ಮಾಡಿಸಿದೆ. ಹದ ಅತಿಯಾಯಿತು. ಒಡ್ಡಿನ ಮೇಲಿನ ಜಾಲಿ ಬೊಡ್ಡೆಗೆ ಬಕೆಟ್ಟಿನ ಮೂಲೆ ಸಿಕ್ಕಾಗ ಬಳಪ ಮುರಿದಂತೆ ಟಪ್ ಅಂತ ಮುರಿಯಿತು. ಬಾಗುವ ಪಿನ್ ಮೊದಲೇ ಸೂಚನೆ ಕೊಡುತ್ತದೆ, ಅತಿ ಗಟ್ಟಿಯಾದದ್ದು ಕೊಡಲ್ಲ. ಆವತ್ತಿನಿಂದ ಪಿನ್ನಿಗೆ ಹದ ಹಾಕಿಸೋದು ಬಿಟ್ಟೆ.

ಆಮೇಲೆ ಒಂದು ವಾರ ಬರೀ ನೋಡುತ್ತಾ ಕೂತೆ. ತುಂಬಿದ ಬಕೆಟ್ ಎತ್ತಿದಾಗ ಅದು ಮುಂದಕ್ಕೆ ಬಾಗಲು ನೋಡುತ್ತದೆ. ಮೇಲಿನ ಕೊಕ್ಕೆಗೆ ಎಳೆತ, ಕೆಳಗಡೆ ಬಕೆಟ್ಟಿನ ಬೆನ್ನು ಫ್ರೇಮಿಗೆ ತಾನೇ ಒತ್ತಿಕೊಳ್ಳುತ್ತದೆ. ಆಗ ಕೆಳಗಿನ ಪಿನ್ನಿಗೆ ಕೆಲಸವೇ ಇಲ್ಲ. ಬಕೆಟ್ ಒತ್ತಿ ಮುಂದಿನ ಗಾಲಿ ಎತ್ತಿದಾಗ, ಹಿಂದಕ್ಕೆ ಎಳೆದಾಗ ಎಲ್ಲ ಉಲ್ಟಾ. ಬಕೆಟ್ಟಿನ ಕೆಳಭಾಗ ಫ್ರೇಮಿನಿಂದ ಕಿತ್ತುಕೊಳ್ಳಲು ನೋಡುತ್ತದೆ, ಪೂರಾ ಭಾರ ಎರಡು ಪಿನ್ ಮೇಲೆ. ಮೂಲೆ ಮಾತ್ರ ಸಿಕ್ಕರೆ ಒಂದೇ ಪಿನ್ ಮೇಲೆ! ನಾವೆಲ್ಲ ಎಷ್ಟು ಎತ್ತುತ್ತದೆ ಅಂತ ಮಾತ್ರ ಕೇಳ್ತೀವಿ, ಅಲ್ವಾ? ಪಿನ್ ಬಾಗೋದು ಒತ್ತುವಾಗ. ಬಕೆಟ್ಟನ್ನು ಬಾಗಿಸುವ ನನ್ನ ಹೈಡ್ರಾಲಿಕ್ (ಟಿಲ್ಟ್) ಸಿಲಿಂಡರುಗಳ ಒಳ ವ್ಯಾಸ 63 ಎಂಎಂ. 160 ಬಾರ್ ಒತ್ತಡಕ್ಕೆ ಒಂದೊಂದೂ ಐದು ಟನ್ ಹತ್ತಿರ ತಳ್ಳುತ್ತದೆ. ಬಕೆಟ್ಟಿನಲ್ಲಿ ಇರೋದು ಅರ್ಧ ಟನ್ ಮಣ್ಣು.

ನಾಲ್ಕನೇ ಸಲಕ್ಕೆ 26 ಸಾವಿರ ಹಾಕಿದೆ. ಪಿನ್ 30 ಎಂಎಂ ಇಎನ್8. 20ರಿಂದ 30ಕ್ಕೆ ಹೋದರೆ ಬಾಗುವುದನ್ನು ತಡೆಯುವ ಬಲ ಮೂರು ಪಟ್ಟಿಗಿಂತ ಜಾಸ್ತಿ. ಪಿನ್ನಿನ ಎರಡೂ ಕಡೆ 16 ಎಂಎಂ ಪ್ಲೇಟು, ಒಂದೇ ಕಡೆ ಹಿಡಿದರೆ ಪಿನ್ ಹಾರೆಯಂತೆ ಮೀಟುತ್ತದೆ. ಪಿನ್ನುಗಳ ನಡುವೆ ಮೊದಲು ಒಂದೂವರೆ ಅಡಿ ಇತ್ತು, ಮೂರು ಅಡಿ ಮಾಡಿದೆ. ಮೂಲೆ ಸಿಕ್ಕಾಗ ತಿರುಚಿನಿಂದ ಪಿನ್ ಮೇಲೆ ಬೀಳುವ ಭಾರ ಅರ್ಧಕ್ಕೆ ಇಳಿಯಿತು. ಬೆನ್ನು ಒತ್ತುವ ಕಡೆ ದಪ್ಪ ಪ್ಯಾಡ್ ಇಟ್ಟೆ, ಭಾರ ಅಲ್ಲಿ ಕೂರುತ್ತದೆ. ಬೆಸುಗೆಗೆ 7018 ಅನ್ನೋ ಗಟ್ಟಿ ಬೆಸುಗೆಯ ರಾಡು, ಒಣಗಿಸಿಯೇ ಬಳಸಿದೆ. ಯಾವ ಬೆಸುಗೆ ಮೊದಲು, ಯಾವುದು ಕೊನೆಗೆ ಹಾಕಿದರೆ ಫ್ರೇಮು ಸೊಟ್ಟ ಆಗಲ್ಲ ಅನ್ನೋದು ನನ್ನ ಹತ್ತಿರವೇ ಇರಲಿ. ಲೂಸ್ ತೆಗೆಯಲು ಪಿನ್ನಿನ ತುದಿಗೆ ಕೊಟ್ಟ ಇಳಿಜಾರೂ ಅಷ್ಟೇ. ಲೇತ್ ಹುಡುಗನಿಗೂ ಅದನ್ನು ಕೈಯಲ್ಲಿ ತೋರಿಸಿದ್ದು ಬಿಟ್ಟರೆ ಬರೆದುಕೊಟ್ಟಿಲ್ಲ. ನಡುವೆ ಸದ್ದು ಕಡಿಮೆ ಆಗಲಿ ಅಂತ ಪ್ಯಾಡಿನ ಜಾಗದಲ್ಲಿ ಹಳೇ ಟೈರಿನ ರಬ್ಬರ್ ಇಟ್ಟು ನೋಡಿದೆ. ಹದಿನೈದು ದಿನಕ್ಕೆ ಚೂರು ಚೂರು, ಲೂಸ್ ಮತ್ತೆ ಬಂತು.

ಒಂದು ದಿನ ವೇಬ್ರಿಡ್ಜಿಗೂ ಹೋದೆ. ಮುಂದಿನ ಗಾಲಿ ಮಾತ್ರ ಕಾಟಾ ಮೇಲೆ ನಿಲ್ಲಿಸಿ, ಬಕೆಟ್ಟಿನಲ್ಲಿ 50 ಕೆಜಿಯ ಹತ್ತು ಚೀಲ ಗೋವಿನಜೋಳ ಇಟ್ಟೆ. ಇಟ್ಟಿದ್ದು ಐದುನೂರು, ಮುಂದೆ ಏರಿದ್ದು 870ರ ಆಸುಪಾಸು. ಹೆಚ್ಚಾದದ್ದು ಹಿಂದಿನ ಗಾಲಿಯಿಂದ ಬಂದದ್ದು. ಅದಕ್ಕೇ ಹಿಂದೆ ತೂಕ ಕಟ್ಟದೆ ನಾನು ಲೋಡರ್ ಮುಟ್ಟೋದಿಲ್ಲ. ಹಿಚ್ಚಿನ ಸ್ವಂತ ತೂಕ 70 ಕೆಜಿ, ಬಕೆಟ್ ಐದು ಇಂಚು ಮುಂದೆ ಹೋಯಿತು. ಎರಡೂ ಸೇರಿ ಎತ್ತುವ ಶಕ್ತಿಯಲ್ಲಿ ನೂರು ಕೆಜಿಗೂ ಜಾಸ್ತಿ ಖೋತಾ. ಬೇಗ ಬಿಚ್ಚಿ ಬೇಗ ಹಾಕುವ ಅನುಕೂಲಕ್ಕೆ ಆ ಬೆಲೆ ಕೊಡಲೇಬೇಕು.

ಒಂದು ಸಲ ಎದೆ ಧಸಕ್ ಅಂದಿತು. ಎಡಗಡೆ ಪಿನ್ ಪೂರಾ ಕೂತಿರಲಿಲ್ಲ, ಮಣ್ಣು ತುಂಬಿಕೊಂಡಿತ್ತು. ನಾಲ್ಕು ಅಡಿ ಮೇಲೆ ಸುರಿಯಲು ಬಾಗಿಸಿದಾಗ ಬಕೆಟ್ ಒಂದು ಕಡೆ ಕಳಚಿ ಜೋತುಬಿತ್ತು. ಕೆಳಗೆ ಯಾರೂ ಇರಲಿಲ್ಲ, ದೇವರ ದಯೆ. ಈಗ ಪಿನ್ ಹೊರಗಿದ್ದರೆ ಕೆಂಪು ಪಟ್ಟಿ ಸೀಟಿನಿಂದಲೇ ಕಾಣುತ್ತದೆ. ಅದನ್ನು ನೋಡಿದ ಮೇಲೂ ಪ್ರತಿ ಸಲ ಬಕೆಟ್ಟಿನ ತುಟಿ ನೆಲಕ್ಕೆ ಒತ್ತಿ, ಮುಂದಿನ ಗಾಲಿ ಸ್ವಲ್ಪ ಹಗುರ ಮಾಡಿ, ಪಿನ್ ತಡೆಯುತ್ತದಾ ನೋಡಿಯೇ ಎತ್ತುತ್ತೇನೆ. ನನ್ನ ಮಗನಿಗೂ ಅದೇ ರೂಢಿ ಮಾಡಿಸಿದ್ದೇನೆ.

ಮೊದಲು ಬೈದಿದ್ದವರಲ್ಲಿ ಒಬ್ಬರು ಹೋದ ತಿಂಗಳು ಬ್ಯಾಡಗಿ ಕಡೆಯಿಂದ ಬಂದು, ಮೆಣಸಿನಕಾಯಿ ಚೀಲ ಎತ್ತಲು ಫೋರ್ಕ್ ಮಾಡಿಕೊಡ್ರಿ ಅಂದರು. ಫೋರ್ಕಿನಲ್ಲಿ ಭಾರ ಬಕೆಟ್ಟಿಗಿಂತ ಇನ್ನೂ ಎರಡು ಅಡಿ ಮುಂದೆ ಕೂರುತ್ತದೆ. ಅದಕ್ಕೇ ಫೋರ್ಕಿನ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಬಣ್ಣ ಹೊಡೆದು ಕೊಟ್ಟಿದ್ದೇನೆ: "350 ಕೆಜಿ ಮಾತ್ರ".