ಮುತ್ತಜ್ಜನ ಹೊಲದ ಜಾಡು ಹಿಡಿಯೋದು ಹೇಗೆ?

ಮೊದಲು ಸರ್ವೆ ನಂಬರ್ ಹುಡುಕಿ. ಬರೀ ಹೆಸರು ಹಿಡಿದು ಹೋದರೆ ಆಗಲ್ಲ, ಒಂದೇ ಊರಲ್ಲಿ ನಾಲ್ಕು ಜನ ತಿಪ್ಪಣ್ಣ ಇರುತ್ತಾರೆ ಅಲ್ವಾ? ಕಂಪ್ಯೂಟರ್ ಪಹಣಿ ಜಾಸ್ತಿ ಹಿಂದಕ್ಕೆ ಹೋಗಲ್ಲ, ಕೈಬರಹದ ಪಹಣಿ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ನಕಲು ಬೇಕು ಅಂತ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ.

ಮ್ಯುಟೇಷನ್‌ನಲ್ಲಿ 'ಪೌತಿ' ಅಂತ ಕಂಡರೆ ಖಾತೆದಾರರು ತೀರಿಕೊಂಡು ವಾರಸುದಾರರ ಹೆಸರಿಗೆ ಜಮೀನು ಬಂದಿದೆ ಅಂತ ಅರ್ಥ, ಆದರೆ ಆ ತಾರೀಖನ್ನೇ ಸಾವಿನ ದಿನ ಅಂದುಕೊಳ್ಳಬೇಡಿ, ನಮ್ಮ ಮನೆಯಲ್ಲಿ ಖಾತೆ ಬದಲಾಗಿದ್ದು 11 ವರ್ಷ ತಡವಾಗಿ!

ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ದಾಖಲೆಗೆ ಜಗಳೂರು, ಹರಿಹರದವರು ಚಿತ್ರದುರ್ಗದಲ್ಲೂ, ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದಲ್ಲೂ ವಿಚಾರಿಸಿ.

ಊರಿಗೆ ಹೆಳವರು (ಮನೆತನಗಳ ವಂಶಾವಳಿ ಹೇಳುವವರು) ಬಂದರೆ ಸುಮ್ನೆ ಕಳಿಸಬೇಡಿ. ಕೂರಿಸಿ, ಕಾಳು ಕೊಟ್ಟು, ವಂಶಾವಳಿ ಓದಿಸಿ, ಬರೆದಿಟ್ಟುಕೊಳ್ಳಿ.